ಪಾರ್ಸೆಲ್ ಗುಮಾಸ್ತರ ಚುಕ್ಕಿಗಳು

ಗ್ರಂಥಾಲಯದ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನಿವೃತ್ತನಾದ ಮೇಲೆ ನನಗೂ ಮಾತಿನ ಚಪಲ ಹೆಚ್ಚಾಗಿದೆ. ಬಂದವರನ್ನು ಚಹಾ ಕೊಟ್ಟು ಕೂರಿಸಿಕೊಂಡರೆ ಬೇಗ ಬಿಡುವುದಿಲ್ಲ. ಅವರು ಕೇಳುವುದು ಬಡ್ತಿಯ ವಿಷಯ, ವರ್ಗಾವಣೆಯ ವಿಷಯ. ಅವೆರಡರಲ್ಲೂ ನಾನು ಹೇಳಿಕೊಳ್ಳುವಂಥದ್ದು ಏನನ್ನೂ ಸಾಧಿಸಲಿಲ್ಲ. ಪುಸ್ತಕಕ್ಕೆ ನಂಬರು ಹಾಕುವುದು, ಕಪಾಟಿನಲ್ಲಿ ಜೋಡಿಸುವುದು ಕಾಲೇಜಿನಲ್ಲೇ ಕಲಿಸಿರುತ್ತಾರೆ. ಹಾಗಾಗಿ ನಾನು ಪತ್ತೇದಾರಿ ಕಾದಂಬರಿಗಳ ಕಪಾಟಿನ ಮಾತು ತೆಗೆಯುತ್ತೇನೆ. ಕೇಳುವವರ ಮುಖ ಸಪ್ಪಗಾಗುತ್ತದೆ. ಆಗಲಿ ಬಿಡಿ. ನನ್ನ ಇಡೀ ನೌಕರಿಯ ದೊಡ್ಡ ತಪ್ಪು ನಡೆದದ್ದು ಆ ಕಪಾಟಿನಲ್ಲಿ. ಈ ಕೆಲಸ ಯಾತಕ್ಕಾಗಿ ಇದೆ ಎಂದು ನನಗೆ ತಿಳಿದದ್ದೂ ಅಲ್ಲಿಯೇ.

ಜೇವರ್ಗಿ ಕಾಲೋನಿ ಕಡೆಯ ಒಂದು ಶಾಖೆಗೆ ನಾನು ಗ್ರಂಥಪಾಲಕನಾಗಿ ಹೋದಾಗ ನನಗೆ ಈ ಕಾದಂಬರಿಗಳೆಂದರೆ ತಾತ್ಸಾರ. ನಮ್ಮಪ್ಪ ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಬೇಳೆ ಚೀಲ ಹೊರುತ್ತಿದ್ದ. ನಮ್ಮ ಮನೆಯಲ್ಲಿ ಇದ್ದ ಪುಸ್ತಕಗಳು ಎರಡೋ ಮೂರೋ. ಅವನ್ನು ಕೈ ತೊಳೆದುಕೊಂಡೇ ಮುಟ್ಟಬೇಕೆಂದು ಅಪ್ಪನ ಕಟ್ಟಪ್ಪಣೆ. ಹಾಗೆ ಬೆಳೆದ ನನಗೆ ಪುಸ್ತಕದಲ್ಲಿ ಯಾರಾದರೂ ಗೀಚಿದರೆ ಮೈ ಉರಿಯುತ್ತಿತ್ತು. ಓದಿದರೆ ಗಂಭೀರವಾದದ್ದನ್ನು ಓದಬೇಕು, ಪುಸ್ತಕವನ್ನು ತಂದಂತೆಯೇ ಹಿಂದಿರುಗಿಸಬೇಕು. ನನ್ನ ಗ್ರಂಥಾಲಯ ಶಾಸ್ತ್ರ ಆಗ ಇಷ್ಟೇ ಇತ್ತು.

ಆದರೆ ನಮ್ಮ ಓದುಗರ ಶಾಸ್ತ್ರ ಬೇರೆ. ಅವರು ಪತ್ತೇದಾರಿ ಕಾದಂಬರಿಗಳನ್ನು ಎರಡೇ ಜಾತಿ ಮಾಡಿದ್ದರು: ರಕ್ತದ್ದು ಮತ್ತು ಚಹಾದ್ದು. ರಕ್ತದ್ದರಲ್ಲಿ ಗುಂಡು, ಚಾಕು, ಓಡುವ ಕಾರು. ಚಹಾದ್ದು ಎಂದರೆ ಒಂದು ಸಣ್ಣ ಊರು, ಒಂದು ದೊಡ್ಡ ಮನೆ, ಮನೆಯ ತುಂಬ ನೆಂಟರು. ಮೊದಲ ನಲವತ್ತು ಪುಟದೊಳಗೆ ಯಾರೋ ಒಬ್ಬರು ಚಹಾ ಕುಡಿದು ಸದ್ದಿಲ್ಲದೆ ಸಾಯುತ್ತಾರೆ. ಆಮೇಲೆ ಪಕ್ಕದ ಮನೆಯ ರಿಟಾಯರ್ಡ್ ಟೀಚರೋ, ಊರಿನ ಪೋಸ್ಟ್ ಮಾಸ್ತರರೋ ತಮ್ಮ ಪಾಡಿಗೆ ವಿಚಾರಿಸುತ್ತಾ ಹೋಗುತ್ತಾರೆ. ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಇಂಥವರೇ ಎಂದು ಬೆರಳು ತೋರಿಸುತ್ತಾರೆ. “ಸರ್ರ, ರಕ್ತದ್ದು ಬ್ಯಾಡ್ರಿ, ಚಹಾದ್ದು ಇದ್ರ ಕೊಡ್ರಿ” ಎಂದು ದಿನಕ್ಕೆ ಹತ್ತು ಜನ ಕೇಳುತ್ತಿದ್ದರು. ನನಗೆ ನಗು ಬರುತ್ತಿತ್ತು.

ಒಬ್ಬ ನಿವೃತ್ತ ಹವಾಲ್ದಾರರು ಬರುತ್ತಿದ್ದರು. ದಪ್ಪ ಮೀಸೆ, ದಪ್ಪ ದನಿ. ಅವರೂ ಚಹಾದ್ದೇ ಬೇಕೆನ್ನುವವರು. ಒಮ್ಮೆ ತಡೆಯಲಾರದೆ ಕೇಳಿದೆ, ಇಡೀ ಸರ್ವೀಸು ಖರೇ ಕೇಸು ನೋಡಿದವರಿಗೆ ಈ ಸುಳ್ಳು ಕೇಸು ಯಾಕೆ ಬೇಕು ಎಂದು.

“ಅದಕ್ಕರೀ ಬೇಕು,” ಎಂದರು. “ನಾ ನೋಡಿದ್ದು ಒಂದೂ ಪೂರಾ ಮುಗೀಲಿಲ್ಲ. ಸಾಕ್ಷಿ ಹೇಳಾಂವ ಹೊಳ್ಳಿದ, ತಾರೀಖು ಮುಂದ ಹೋತು, ಫೈಲ್ ಕಟ್ಟಿ ಇಟ್ರು. ಇದರಾಗ ನೋಡ್ರಿ, ಇನ್ನೂರು ಪುಟದಾಗ ಮುಗೀತದ. ನಿದ್ದಿ ಛಲೋ ಬರ್ತದ.”

ಆ ಉತ್ತರ ಕೇಳಿದ ಮೇಲೂ ನನಗೆ ಬುದ್ಧಿ ಬರಲಿಲ್ಲ. ಮೇಲಿನ ಸಾಹೇಬರೊಬ್ಬರು ತಪಾಸಣೆಗೆ ಬರುವ ಸುದ್ದಿ ಬಂತು. ಅವರಿಗೆ ಪುಸ್ತಕದಲ್ಲಿ ಗೆರೆ, ಗುರುತು ಕಂಡರೆ ಆಗುವುದಿಲ್ಲವೆಂದು ಕೇಳಿದ್ದೆ. ಅವರೂ ನನ್ನಂಥವರೇ ಎಂದು ಖುಷಿಯಾಯಿತು. ಪತ್ತೇದಾರಿ ಕಪಾಟು ತೆಗೆದು ನೋಡಿದರೆ ಒಂದೊಂದು ಪುಸ್ತಕದಲ್ಲೂ ಪೆನ್ಸಿಲ್ ಗುರುತುಗಳು. ಒಂದರಲ್ಲಿ ಮೀನು, ಒಂದರಲ್ಲಿ ವೀಳ್ಯದೆಲೆ, ಒಂದರಲ್ಲಿ ಪುಟ ಸಂಖ್ಯೆಯ ಸುತ್ತ ಸೊನ್ನೆ. ಕೆಲವು ಪುಸ್ತಕಗಳ ನಡುವೆ ಯಾವುದೋ ಪಾತ್ರದ ಹೆಸರಿನ ಕೆಳಗೆ ಒಂದು ಚುಕ್ಕಿ. ನಾನು ಅಂಗಡಿಯಿಂದ ದೊಡ್ಡ ರಬ್ಬರುಗಳನ್ನು ತಂದು ಮೆಹಬೂಬನ ಮುಂದಿಟ್ಟೆ.

ಮೆಹಬೂಬ ನಮ್ಮ ಅಟೆಂಡರ್. ಪುಸ್ತಕಕ್ಕೆ ಹೊಲಿಗೆ, ಬೈಂಡಿಂಗ್ ಎಲ್ಲ ಅವನದೇ. ನನಗಿಂತ ವಯಸ್ಸಿನಲ್ಲಿ ದೊಡ್ಡವನು, ಆ ಶಾಖೆಯಲ್ಲಿ ನನಗಿಂತ ಬಹಳ ಹಳಬ. ರಬ್ಬರು ನೋಡಿ ತಲೆ ಕೆರೆದುಕೊಂಡ.

“ಸಾಬ್, ಇವು ಓದೋರ ನಿಶಾನಿ ಅವ. ಒಬ್ಬೊಬ್ಬರದು ಒಂದೊಂದು. ಅಳಿಸಿದ್ರ ಜರಾ ತಕಲೀಫ್ ಆಗ್ತದ.”

“ಯಾರಿಗಿ ತಕಲೀಫು? ಪುಸ್ತಕಕ್ಕೇನು?” ಎಂದೆ.

ಅವನು ರಬ್ಬರು ಮುಟ್ಟಲಿಲ್ಲ. ಹೊಲಿಗೆಯ ಕೆಲಸ ಬಾಕಿ ಇದೆ ಎಂದು ಹಿಂದಿನ ಕೋಣೆಗೆ ಹೋಗಿಬಿಟ್ಟ. ಹದಿನೈದು ದಿನ ನಾನೊಬ್ಬನೇ ಕೂತು ಉಜ್ಜಿದೆ. ಬೆರಳು ಬೊಬ್ಬೆ ಬಂತು. ಒಂದು ಗುರುತೂ ಉಳಿಯದಂತೆ ಎಲ್ಲವನ್ನೂ ತೆಗೆದು ಎದೆ ಉಬ್ಬಿಸಿಕೊಂಡು ಓಡಾಡಿದೆ.

ಸಾಹೇಬರು ಬಂದರು, ನೋಡಿದರು, ಮೆಚ್ಚಿದರು. ಮೆಚ್ಚಿದ ಮೇಲೆ, ಇಂಥ ಕಸ ಇಷ್ಟೊಂದು ಇಟ್ಟುಕೊಂಡರೆ ಸ್ಪರ್ಧಾ ಪರೀಕ್ಷೆಯ ಪುಸ್ತಕಕ್ಕೆ ಜಾಗ ಎಲ್ಲಿ, ಅರ್ಧ ಪುಸ್ತಕಗಳನ್ನು ಕಮಲಾಪುರದ ಕಡೆ ಒಂದು ಓದುವ ಕೋಣೆಗೆ ಕಳಿಸಿ ಎಂದರು. ಹೋಗುವಾಗ ಒಂದು ಕಾದಂಬರಿಯನ್ನು “ಪರಿಶೀಲನೆಗೆ” ಎಂದು ಫೈಲಿನೊಳಗೆ ಇಟ್ಟುಕೊಂಡರು. ಅದು ತಿಂಗಳ ನಂತರ ಡ್ರೈವರನ ಕೈಯಲ್ಲಿ ಹಿಂದಿರುಗಿತು. ಕೊನೆಯ ಅಧ್ಯಾಯದ ಹಿಂದಿನ ಪುಟದ ಮೂಲೆ ಮಡಚಿತ್ತು, ಊಟಕ್ಕೆ ಎದ್ದಿರಬೇಕು. ಇಂಥ ಮೇಲಧಿಕಾರಿಗಳು ನಿಮಗೂ ಸಿಗುತ್ತಾರೆ, ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

ನನ್ನ ಶುಚಿತ್ವದ ಫಲ ಒಂದೇ ವಾರದಲ್ಲಿ ಗೊತ್ತಾಯಿತು. ನಿನ್ನೆ ಒಯ್ದವರು ಇಂದು ವಾಪಸು ತರತೊಡಗಿದರು. “ಸರ್ರ, ಇದು ಓದಿದ್ದೇ ಅದ.” “ಹತ್ತನೇ ಪುಟದಾಗ ನಂದು ಮೀನ ಇರ್ತಿತ್ತು, ಎಲ್ಲಿ ಹೋಗ್ಯಾದ?” ಚಹಾದ ಕಾದಂಬರಿಗಳ ಹೆಸರು, ಹೊದಿಕೆ ಎಲ್ಲ ಒಂದೇ ಥರ, ಓದಿದ್ದು ಯಾವುದು, ಓದದ್ದು ಯಾವುದು ಎಂದು ತಿಳಿಯಲು ಅವರಿಗಿದ್ದ ದಾರಿ ಅದೊಂದೇ. ಹವಾಲ್ದಾರರಂತೂ ಕೌಂಟರಿನ ಮೇಲೆ ಪುಸ್ತಕ ಇಟ್ಟು, “ಸಾಕ್ಷಿ ನಾಶ ಮಾಡೀರಿ, ನಮ್ಮ ಕಾಲದಾಗಾಗಿದ್ರ ಒಳಗ ಹಾಕ್ತಿದ್ದೆ” ಎಂದು ಹೆದರಿಸಿದರು. ನಾನು ಎಲ್ಲರಿಗೂ ಗ್ರಂಥಾಲಯದ ನಿಯಮ ಹೇಳಿ ಸಾಗಹಾಕಿದೆ.

ಸಾಗಹಾಕಲು ಆಗದೇ ಹೋದವರು ಸುಶೀಲಾಬಾಯಿ.

ಬ್ರಹ್ಮಪುರದ ಹಳೆಯ ಮನೆತನದವರು, ಕಾಲೋನಿಯಲ್ಲಿ ಮನೆ ಕಟ್ಟಿಕೊಂಡು ಬಂದಿದ್ದರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಪ್ರೈಮರಿ ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದ ಮೇಲೆ ಮನೆಯಲ್ಲೇ ಟ್ಯೂಷನ್ ಹೇಳುತ್ತಿದ್ದರು. ನಾನು ಆ ಶಾಖೆಗೆ ಬರುವುದಕ್ಕೆ ಸ್ವಲ್ಪ ಮೊದಲಷ್ಟೇ ಅವರ ಯಜಮಾನರು ಮಾಧವರಾಯರು ತೀರಿಕೊಂಡಿದ್ದರು. ಮುಂಜಾನೆ ಎದೆನೋವು ಎಂದವರು ಮಧ್ಯಾಹ್ನಕ್ಕೆ ಇರಲಿಲ್ಲ. ನಾನು ಅವರನ್ನು ನೋಡಿದವನಲ್ಲ.

ಆ ದಿನ ಬಾಯಿಯವರು ಪುಸ್ತಕವನ್ನು ಕೌಂಟರಿನ ಮೇಲಿಟ್ಟು, “ಸರ್ರ, ಇದರಾಗ ಅವರ ಚುಕ್ಕಿ ಇಲ್ರಿ,” ಎಂದರು.

“ಯಾರ ಚುಕ್ಕಿರೀ?”

“ನಮ್ಮ ಮನಿಯವರದು.”

ಬೆಂಚಿನ ಮೇಲೆ ಕೂತು ನಿಧಾನವಾಗಿ ಹೇಳಿದರು. ಗಂಡ ಹೆಂಡತಿ ಇಬ್ಬರಿಗೂ ಈ ಓದಿನ ಹುಚ್ಚು. ಪುಸ್ತಕ ಒಯ್ಯಲು ಇಬ್ಬರದೂ ಬೇರೆ ಬೇರೆ ಟಿಕೆಟ್. ರಾಯರು ಮೊದಲು ಓದುತ್ತಿದ್ದರು. ಓದುತ್ತ ಓದುತ್ತ ಯಾರ ಮೇಲೆ ಸಂಶಯ ಬಂತೋ ಅವರ ಹೆಸರಿನ ಕೆಳಗೆ, ಬಂದ ಪುಟದಲ್ಲೇ, ಒಂದು ಚುಕ್ಕಿ ಇಡುವರು. ಒಂದು ಪುಸ್ತಕಕ್ಕೆ ಒಂದೇ ಚುಕ್ಕಿ, ಮನಸ್ಸು ಬದಲಾಯಿಸುವಂತಿಲ್ಲ. ಪುಸ್ತಕ ವಾಪಸು ಕೊಟ್ಟ ಮೇಲೆ ಬಾಯಿಯವರು ಅದನ್ನೇ ತಮ್ಮ ಟಿಕೆಟ್ಟಿನ ಮೇಲೆ ಒಯ್ಯುವರು. ಚುಕ್ಕಿ ಸಿಗುವವರೆಗೆ ಓದಿ, ಅದನ್ನು ನೋಡಿ, ಪೂರಾ ಮುಗಿಸಿದ ಮೇಲೆ ಸಂಜೆ ಚಹಾಕ್ಕೆ ಕೂತಾಗ ಆ ಚುಕ್ಕಿಯ ಮೇಲೆ ವಾದ ಶುರು. ಮದುವೆಯಾದಾಗಿನಿಂದ ನಡೆದು ಬಂದ ಪದ್ಧತಿ ಇದು.

“ರಿಟಾಯರ್ ಆದಮ್ಯಾಲೆ ಅವರು ವಾರಕ್ಕ ಎರಡು ಓದಾಕ ಹತ್ತಿದ್ರು. ನಂದು ಟ್ಯೂಷನ್, ಅಡಿಗಿ. ಹಿಂದ ಬಿದ್ದೆ. ಅವರು ಓದಿ ನಾ ಓದಲಾರದ್ದು ಹತ್ತೋ ಹನ್ನೊಂದೋ ಉಳದಾವ್ರಿ. ಅವರು ಹೋದಮ್ಯಾಲೆ ಮುಟ್ಟಾಕ ಮನಸ್ಸಾಗಲಿಲ್ಲ. ಈಗ ಒಂದೊಂದೇ ಓದಬೇಕು ಅಂತ ಮಾಡಿದ್ದೆ. ಅಷ್ಟು ದಿನ ಇನ್ನೂ ಮಾತಾಡಿದಂಗ ಆಗ್ತಿತ್ತು.”

ಆಮೇಲೆ ಕೇಳಿದರು: “ಯಾರು ಅಳಿಸ್ಯಾರ್ರೀ?”

ನಾನು ಅಳಿಸಿದ್ದೆಂದು ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನಿಮಗ ಹೆಂಗ ಗೊತ್ತಾಗ್ಬೇಕು ಬಿಡ್ರಿ” ಎಂದು ನನಗೇ ಸಮಾಧಾನ ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೋದರು. ಗಂಡ ಹೆಂಡತಿಯ ಹನ್ನೊಂದು ಸಂಜೆಯ ಮಾತನ್ನು ಕೈಯಾರೆ ಅಳಿಸಿ ಹಾಕಿದ್ದೆ, ಅದೂ ಎದೆ ಉಬ್ಬಿಸಿಕೊಂಡು.

ಮರುದಿನ ಮೆಹಬೂಬನ ಮುಂದೆ ಎಲ್ಲ ಹೇಳಿಕೊಂಡೆ. ಮೊದಲೇ ಹೇಳಿದ್ದೆನಲ್ಲ ಎಂದು ಅವನು ಅನ್ನಲಿಲ್ಲ. ಬಾಯಿಯವರು ಬಿಟ್ಟುಹೋಗಿದ್ದ ಪುಸ್ತಕ ತಗೊಂಡು ಪುಟಗಳ ಹಿಂಬದಿಯನ್ನು ಒಂದೊಂದಾಗಿ ಬೆರಳ ತುದಿಯಿಂದ ಸವರತೊಡಗಿದ.

“ರಾಯರು ರೈಲ್ವೆ ಪಾರ್ಸೆಲ್ ಆಫೀಸಿನಾಗ ಗುಮಾಸ್ತ ಇದ್ರು ಸಾಬ್. ಕಾರ್ಬನ್ ಹಾಳಿ ಇಟ್ಟು ಒಂದ ಸಲಕ್ಕ ಮೂರು ಕಾಪಿ ಬರೀಬೇಕು. ಜೋರ್ ಒತ್ತಿ ಬರದು ಬರದು ಅದ ಆದತ್ ಬಿದ್ದಿತ್ತು. ನಮ್ಮ ರಜಿಸ್ಟರ್ ಮ್ಯಾಲೆ ಸಹಿ ಮಾಡಿದ್ರ ಕೆಳಗಿನ ಮೂರು ಹಾಳಿಗಿ ಬೀಳ್ತಿತ್ತು.” ಒಂದು ಪುಟದಲ್ಲಿ ಅವನ ಬೆರಳು ನಿಂತಿತು. “ಇಲ್ಲಿ ನೋಡ್ರಿ. ರಬ್ಬರ್ ಮಸಿ ಒಯ್ತದ. ಒತ್ತಿದ್ದು ಎಲ್ಲಿ ಒಯ್ತದ?”

ಕಿಟಕಿಯ ಬಳಿ ಹೋಗಿ ಪುಟವನ್ನು ಬೆಳಗಿನ ಬಿಸಿಲಿಗೆ ಓರೆಯಾಗಿ ಹಿಡಿದೆವು. ಹಿಂಬದಿಯಲ್ಲಿ ಸಾಸಿವೆ ಕಾಳಿಗಿಂತ ಸಣ್ಣದೊಂದು ಉಬ್ಬು ಕಂಡಿತು. ಪುಟ ತಿರುವಿದರೆ ಸರಿಯಾಗಿ ಒಂದು ಹೆಸರಿನ ಕೆಳಗೆ ತಗ್ಗು. ನಾನು ಮೆಹಬೂಬನ ಕೈ ಹಿಡಿದುಕೊಂಡು ಕುಣಿದುಬಿಟ್ಟೆ. ಅವನು ಆ ತಗ್ಗಿನೊಳಗೆ ಹಗುರವಾಗಿ ಪೆನ್ಸಿಲ್ ಮುಟ್ಟಿಸಿದ. ಚುಕ್ಕಿ ಮತ್ತೆ ಬಂತು.

ಈಗ ಯಾರು ಯಾವ ಪುಸ್ತಕ ಒಯ್ದರು ಎಂಬುದು ಕಂಪ್ಯೂಟರಿನಲ್ಲಿ ಚಿಟಿಕೆ ಹೊಡೆಯುವುದರೊಳಗೆ ಬರುತ್ತದೆ. ನಮಗೆ ಆಗ ಇದ್ದದ್ದು ಪುಸ್ತಕದ ಕಾರ್ಡು ಮತ್ತು ದಪ್ಪ ರಜಿಸ್ಟರುಗಳು. ರಾಯರ ಟಿಕೆಟ್ ನಂಬರು ಇರುವ, ಬಾಯಿಯವರ ನಂಬರು ಇಲ್ಲದ ಪುಸ್ತಕಗಳನ್ನು ಹುಡುಕಲು ನನಗೆ ಎಂಟು ದಿನ ಬೇಕಾಯಿತು. ಸರಿಯಾಗಿ ಹನ್ನೊಂದು. ನಾಲ್ಕು ನಮ್ಮಲ್ಲೇ ಇದ್ದವು, ಏಳು ಕಮಲಾಪುರದ ಗಂಟಿನಲ್ಲಿ ಹೋಗಿದ್ದವು. ನಾಲ್ಕರಲ್ಲೂ ಚುಕ್ಕಿ ಸಿಕ್ಕಿತು. ಬಾಯಿಯವರಿಗೆ ಮೊದಲನೆಯದನ್ನು ಕೊಟ್ಟು, ಉಳಿದವು ಬರುತ್ತವೆ ಎಂದು ಮಾತು ಕೊಟ್ಟೆ. ಅವರು ಆ ಪುಟ ತೆಗೆದು, ಚುಕ್ಕಿಯ ಮೇಲೆ ಬೆರಳಿಟ್ಟು, “ಅವರದೇ ಅದ” ಎಂದರು.

ರಜೆ ಹಾಕಿ ಕಮಲಾಪುರದ ಬಸ್ಸು ಹತ್ತಿದೆ. ಅಲ್ಲಿನ ಓದುವ ಕೋಣೆ ನೋಡಿಕೊಳ್ಳುತ್ತಿದ್ದಾಕೆ ಮಹಾದೇವಿ ಎಂಬ ಹೆಣ್ಣುಮಗಳು. ನಾನು ಹೋದಾಗ ಮಧ್ಯಾಹ್ನ. ಏಳೆಂಟು ಹೆಂಗಸರು ಚಾಪೆಯ ಮೇಲೆ ಕೂತಿದ್ದರು, ಮಹಾದೇವಿ ಗಟ್ಟಿಯಾಗಿ ಓದುತ್ತಿದ್ದಳು. ನಮ್ಮ ಗಂಟಿನ ಪುಸ್ತಕವೇ, ಅದೂ ನಾನು ಹುಡುಕಿ ಬಂದ ಏಳರಲ್ಲಿ ಒಂದು. ನಡುನಡುವೆ ಓದು ನಿಲ್ಲುತ್ತಿತ್ತು, ಜಗಳ ಆಗುತ್ತಿತ್ತು. ಕೊಲೆಗಾರ ಯಾರೆಂದು ಪ್ರತಿಯೊಬ್ಬರೂ ಮೊದಲೇ ಹೇಳಬೇಕು. ತಪ್ಪಿದವರು ಮರುದಿನ ತಮ್ಮ ತೋಟದ ಕೆಂಪು ಬಾಳೆಹಣ್ಣು ತರಬೇಕು. ಇದು ಅಲ್ಲಿನ ಕರಾರು.

“ಆ ಸಣ್ಣ ಸೊಸಿನೇ ಅದಾಳ ನೋಡ್ರಿ, ಭಾಳ ಸುಮ್ಮನಿದ್ದಾಳ,” ಎಂದಳು ಒಬ್ಬಾಕೆ.

“ಸುಮ್ಮನಿದ್ದವರೆಲ್ಲ ಕೊಲಿ ಮಾಡ್ತಾರೇನು? ಹಂಗಾದ್ರ ನಮ್ಮ ಮನಿಯಾಗ ಯಾರೂ ಉಳೀತಿದ್ದಿಲ್ಲ,” ಎಂದಳು ಇನ್ನೊಬ್ಬಾಕೆ. ಎಲ್ಲರೂ ನಕ್ಕರು.

ವಯಸ್ಸಾದ ಒಬ್ಬಾಕೆ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಸಾವಿನ ಕಥೆ ಕೇಳಿ ಬೇಜಾರಾಗುವುದಿಲ್ಲವೇ ಎಂದು ಅವಳನ್ನು ಕೇಳಿದೆ.

“ಯಾಕ ಬ್ಯಾಸರ ರೀ ಯಪ್ಪಾ? ಇದರಾಗ ಒಬ್ಬಾಂವ ಸತ್ರ ಇಡೀ ಊರು ನಿಂತು ಕೇಳ್ತದ, ಯಾಕ ಸತ್ತ, ಹೆಂಗ ಸತ್ತ, ಕಡೀಕ ಏನು ಅಂದಿದ್ದ ಅಂತ. ನಮ್ಮ ಮಂದಿ ಸತ್ರ ಮೂರು ದಿನಕ್ಕ ಎಲ್ಲಾರೂ ತಮ್ಮ ಕೆಲಸಕ್ಕ ಹೋಗ್ತಾರ.”

ಇಷ್ಟು ದಿನ ಆ ಪುಸ್ತಕಗಳ ಮೇಲೆ ಕೂತು ಕಾದ ನನಗೆ ಹೊಳೆಯದ್ದನ್ನು ಅವಳು ಒಂದೇ ಉಸಿರಿಗೆ ಹೇಳಿದಳು. ನನಗೆ ನಾಚಿಕೆಯಾಯಿತು. ಬಂದ ಕಾರಣವನ್ನು ಅವರಿಗೆ ಮುಚ್ಚುಮರೆ ಇಲ್ಲದೆ ಹೇಳಿದೆ, ನಾನು ಅಳಿಸಿದ್ದನ್ನೂ ಸೇರಿಸಿ. ಆಮೇಲೆ ಮಹಾದೇವಿ ಓದುತ್ತಿದ್ದ ಪುಸ್ತಕವನ್ನೇ ಮುಚ್ಚಿ ನನ್ನ ಕೈಗಿಟ್ಟಳು.

“ಒಯ್ರಿ ಸರ್. ನಮ್ಮದು ಆಮ್ಯಾಲೆ ಆಗ್ತದ. ಮೊದಲ ಆ ಬಾಯಿಗಿ ಮುಟ್ಟಸ್ರಿ.”

ಒಯ್ಯುವುದಕ್ಕೆ ಮೊದಲು ಹುಡುಕಬೇಕಲ್ಲ. ಏಳೂ ಪುಸ್ತಕ ಹಂಚಿಕೊಂಡು ಬಾಗಿಲ ಬಿಸಿಲಿಗೆ ಕೂತರು. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಬೆರಳುಗಳಿಗೆ ಆ ಸಣ್ಣ ಉಬ್ಬು ಹೇಗೆ ಸಿಕ್ಕೀತು ಎಂದು ನನಗೆ ಅನುಮಾನವಿತ್ತು. ನನಗಿಂತ ಮೊದಲು ಅವರಿಗೇ ಸಿಕ್ಕಿತು. “ಸಿಕ್ತು! ಸಿಕ್ತು!” ಎಂದು ಒಬ್ಬೊಬ್ಬರು ಕೂಗಿದಾಗಲೂ ಎಲ್ಲರೂ ಎದ್ದು ಬಂದು ಸವರಿ ನೋಡುವರು. ಹೊತ್ತು ಇಳಿಯುವುದರೊಳಗೆ ಆರು ಚುಕ್ಕಿಗಳು ದೊರೆತವು. ಏಳನೆಯ ಪುಸ್ತಕ ಮಾತ್ರ ಬಾಯಿ ಬಿಡಲಿಲ್ಲ. ಅದನ್ನು ಒಬ್ಬಾಕೆ ತೋಟಕ್ಕೆ ಒಯ್ದಾಗ ಬಾಳೆಗೆ ನೀರು ಬಿಟ್ಟ ಕಾಲುವೆಯಲ್ಲಿ ಬಿದ್ದಿತ್ತಂತೆ. ಒಣಗಿಸಿದ್ದರು, ಆದರೆ ಹಾಳೆಗಳೆಲ್ಲ ಉಬ್ಬಿ ಹಪ್ಪಳವಾಗಿದ್ದವು. ಎಲ್ಲ ಪುಟವೂ ಉಬ್ಬು ತಗ್ಗೇ, ಅದರಲ್ಲಿ ರಾಯರದು ಯಾವುದು? ಬೀಳಿಸಿದಾಕೆ ಬಸ್ ಸ್ಟ್ಯಾಂಡಿನವರೆಗೂ ನನ್ನ ಜೊತೆ ಬಂದು, “ಆ ಬಾಯಿಗಿ ನಂದು ತಪ್ಪಾತು ಅಂತ ಹೇಳ್ರಿ” ಎಂದು ಮತ್ತೆ ಮತ್ತೆ ಹೇಳಿ, ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನು ಕೈಚೀಲಕ್ಕೆ ತುಂಬಿ ಕಳಿಸಿದಳು. ಹಣ್ಣನ್ನು ಬಾಯಿಯವರಿಗೆ ಮುಟ್ಟಿಸಿದೆ. ನೀರಿಗೆ ಬಿದ್ದ ಸುದ್ದಿಯನ್ನು ಮಾತ್ರ ನುಂಗಿಕೊಂಡೆ.

ಮುಂದಿನ ಐದಾರು ತಿಂಗಳು ನನ್ನ ನೌಕರಿಯ ಒಳ್ಳೆಯ ದಿನಗಳು. ಬಾಯಿಯವರು ಹದಿನೈದು ದಿನಕ್ಕೊಮ್ಮೆ ಬಂದು ಒಂದು ಪುಸ್ತಕ ಕೊಟ್ಟು ಒಂದು ಒಯ್ಯುವರು. ಅವಸರ ಮಾಡುತ್ತಿರಲಿಲ್ಲ, ಒಂದು ವಾರದಲ್ಲಿ ಓದಿ ಮುಗಿದರೂ ಇನ್ನೊಂದು ವಾರ ಇಟ್ಟುಕೊಳ್ಳುವರು. ವಾಪಸು ತಂದಾಗಲೆಲ್ಲ ಮುಖದಲ್ಲಿ ಒಂದು ನಗೆ ಇರುತ್ತಿತ್ತು. “ರಾಯರು ಸರಿಯಾಗಿ ಹಿಡಿದಿದ್ರೇನ್ರೀ?” ಎಂದು ನಾನು ಪ್ರತಿ ಸಲವೂ ಕೇಳುವೆ. ಅವರು ಇನ್ನಷ್ಟು ನಕ್ಕು ಚೀಲ ಹೆಗಲಿಗೆ ಹಾಕಿಕೊಂಡು ಹೋಗುವರು. ಎಷ್ಟು ಚುರುಕು ಬುದ್ಧಿಯ ಮನುಷ್ಯ, ಹೆಂಡತಿಗೆ ಅದೆಂಥ ಹೆಮ್ಮೆ ಎಂದು ನಾನು ಅಂದುಕೊಂಡೆ. ಆ ಪುಸ್ತಕಗಳಲ್ಲಿ ಒಂದನ್ನಾದರೂ ತೆರೆದು ಓದಿದ್ದರೆ ನನಗೆ ಸತ್ಯ ತಿಳಿಯುತ್ತಿತ್ತು. ನಾನು ಓದಲಿಲ್ಲ. ಅದು ನನ್ನ ಎರಡನೆಯ ತಪ್ಪು.

ಹತ್ತು ಮುಗಿದವು. ಹನ್ನೊಂದನೆಯದು ಬೈಂಡಿಂಗಿನಲ್ಲಿದೆ ಎಂದು ಎರಡು ಸಲ ಸುಳ್ಳು ಹೇಳಿದೆ. ಅವರು ಎಂದೂ ಒತ್ತಾಯ ಮಾಡಿದವರಲ್ಲ, ಆದರೆ ಬಂದಾಗಲೆಲ್ಲ ಹಿಂದಿನ ಕೋಣೆಯ ಬಾಗಿಲ ಕಡೆ ನೋಡುತ್ತಿದ್ದರು. ಚುಕ್ಕಿ ಸಿಗಲಿಲ್ಲ ಎಂದು ಹೇಳಿಬಿಡಬೇಕೆಂದು ನಾಲಗೆಯ ತುದಿಗೆ ಬರುತ್ತಿತ್ತು. ಅಳಿಸಿದವನೇ ನಾನು, ಅದನ್ನು ಇನ್ನೊಮ್ಮೆ ಹೇಳುವ ಧೈರ್ಯ ಇರಲಿಲ್ಲ. ಮೆಹಬೂಬ ಆ ಪುಸ್ತಕವನ್ನು ಹಲಗೆಗಳ ನಡುವೆ ಒತ್ತಿಟ್ಟು ಸಪಾಟು ಮಾಡಿದ್ದ. ನಾನು ಅದನ್ನು ಮನೆಗೆ ಒಯ್ದೆ.

ನಾನು ಪೂರ್ತಿ ಓದಿದ ಮೊದಲ ಚಹಾದ ಕಾದಂಬರಿ ಅದು. ಗುಡ್ಡದ ಊರೊಂದರಲ್ಲಿ ಒಂದು ಬಂಗಲೆ, ಸತ್ತವರು ಮನೆಯ ಯಜಮಾನಿ. ಭಾನುವಾರ ಹಿಡಿದವನು ಕೆಳಗಿಡಲಿಲ್ಲ. ಹೆಂಡತಿ ಊಟಕ್ಕೆ ಕರೆದು ಕರೆದು ಬೇಸತ್ತಳು. ಅಡಿಗೆಯವನ ಮೇಲೆ, ಸೋದರಳಿಯನ ಮೇಲೆ, ಒಬ್ಬೊಬ್ಬರ ಮೇಲೂ ನನಗೆ ಸಂಶಯ ಬಂತು. ಕೊನೆಯಲ್ಲಿ ನೋಡಿದರೆ ಔಷಧಿ ಕೊಡಲು ಬರುತ್ತಿದ್ದ ಕಂಪೌಂಡರು. ಯಾರ ಕಣ್ಣಿಗೂ ಬೀಳದ ಸಾಧು ಪ್ರಾಣಿ. ಮುಗಿಸಿದಾಗ ಮನಸ್ಸಿಗೆ ಎಂಥದೋ ನೆಮ್ಮದಿ. ಯಾರಿಗಾದರೂ ಈಗಲೇ ಹೇಳಬೇಕು ಎನ್ನಿಸಿತು. ಹೇಳಲು ಎದುರಿಗೆ ಓದಿದವರು ಒಬ್ಬರೂ ಇರಲಿಲ್ಲ. ಬಾಯಿಯವರು ಕಳೆದುಕೊಂಡದ್ದು ಏನು ಎಂದು ಆ ಗಳಿಗೆಯಲ್ಲಿ ನನಗೆ ಸರಿಯಾಗಿ ಅರ್ಥವಾಯಿತು.

ಆಮೇಲೆ ನಾನು ಮಾಡಿದ್ದನ್ನು ಯಾವ ಗ್ರಂಥಪಾಲಕನೂ ಮಾಡಬಾರದು. ಕಂಪೌಂಡರು ಮೊದಲ ಸಲ ಬಾಗಿಲಲ್ಲಿ ನಿಲ್ಲುವ ಪುಟ ತೆಗೆದು, ಅವನ ಹೆಸರಿನ ಕೆಳಗೆ ಗಟ್ಟಿ ಪೆನ್ಸಿಲಿನಿಂದ ಜೋರಾಗಿ ಒತ್ತಿ ಒಂದು ಚುಕ್ಕಿ ಇಟ್ಟೆ. ಹೊಸದೆಂದು ಕಾಣದಿರಲಿ ಎಂದು ಬೆರಳಿನಿಂದ ಸ್ವಲ್ಪ ತಿಕ್ಕಿದೆ. ತೀರಿಕೊಂಡ ಹಿರಿಯರು, ಅವರ ಕೊನೆಯ ಚುಕ್ಕಿ; ಅದನ್ನು ಅಡಿಗೆಯವನ ಹೆಸರಿನ ಕೆಳಗೆ ಇಟ್ಟು ಅವರನ್ನು ಸೋಲಿಸುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಪುಸ್ತಕ ಕೊಟ್ಟಾಗ ಬಾಯಿಯವರ ಮುಖ ಅರಳಿತು. ನನ್ನ ಕಣ್ಣು ಮಾತ್ರ ಮೇಲೇಳಲಿಲ್ಲ.

ಆ ಸಲ ಅವರು ಹದಿನೈದು ದಿನ ಕಾಯಲಿಲ್ಲ, ನಾಲ್ಕೇ ದಿನಕ್ಕೆ ಬಂದರು. ಮಧ್ಯಾಹ್ನ, ಓದುವ ಕೋಣೆಯಲ್ಲಿ ಪರೀಕ್ಷೆಗೆ ತಯಾರಾಗುವ ಮಕ್ಕಳು ತಲೆ ಬಗ್ಗಿಸಿ ಓದುತ್ತಿದ್ದರು. ಬಾಯಿಯವರು ಆ ಪುಟ ತೆಗೆದು ನನ್ನ ಮುಂದೆ ಇಟ್ಟು, ದನಿ ತಗ್ಗಿಸಿ ಕೇಳಿದರು.

“ಸರ್ರ, ಈ ಚುಕ್ಕಿ ಯಾರದು?”

“ರಾಯರದ್ರೀ,” ಎಂದೆ. ನನ್ನ ದನಿ ನನಗೇ ಸುಳ್ಳೆನ್ನಿಸಿತು.

“ಛಲೋ ಮಾಡೀರಿ. ಒತ್ತಿದ್ದೂ ಅವರಂಗೇ ಅದ. ಆದ್ರ ಅವರದಲ್ಲ.”

“ಹೆಂಗ ಗೊತ್ತಾತ್ರೀ?”

“ಅವರು ಒಮ್ಮಿನೂ ಸರಿ ಹಿಡದವರಲ್ರೀ!” ಎಂದರು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡರು. “ಮದುವಿ ಆದಾಗಿಂದ ಒಂದು ಪುಸ್ತಕದಾಗೂ ಇಲ್ಲ. ಹತ್ತೂ ತಪ್ಪು ಇದ್ವು, ನೀವು ಹುಡುಕಿ ಕೊಟ್ಟದ್ದು. ಯಾರು ಪಾಪ ಕಣ್ಣೀರು ಹಾಕೊಂಡು ಕುಂತಿರ್ತಾರ, ಅವರ ಮ್ಯಾಲೇ ಇವರ ಸಂಶಯ. ತಪ್ಪ್ಯಾದ ಅಂದ್ರ ಒಪ್ಪತಿದ್ದಿಲ್ಲ. ಬರದಾಂವಗ ಗೊತ್ತಿಲ್ಲ, ನಾ ಹೇಳಿದಾಂವನೇ ಖರೇ ಅಂತ ವಾದ ಮಾಡ್ತಿದ್ರು. ಚಹಾ ಆರಿ ಹೋಗ್ತಿತ್ತು.”

ನಾನು ಎದ್ದು ನಿಂತು ಕೈ ಮುಗಿದೆ. ಪುಸ್ತಕ ನೀರಿಗೆ ಬಿದ್ದದ್ದು, ಚುಕ್ಕಿ ಸಿಗದೇ ಹೋದದ್ದು, ನಾನು ಓದಿದ್ದು, ಎಲ್ಲವನ್ನೂ ಒಪ್ಪಿಸಿದೆ. ತಪ್ಪಾಯಿತು ಬಾಯಿಯವರೇ, ಈಗಲೇ ಅಳಿಸಿ ಕೊಡುತ್ತೇನೆ ಎಂದೆ. ಮೇಜಿನ ಖಾನೆಗೆ ಕೈ ಹಾಕಿದೆ.

ಅವರು ಪುಟದ ಮೇಲೆ ಅಂಗೈ ಇಟ್ಟರು. ಅಷ್ಟು ಹೊತ್ತು ನಗುತ್ತಿದ್ದವರ ಕಣ್ಣು ತುಂಬಿದ್ದವು.

“ಬ್ಯಾಡ್ರಿ. ಇರ್ಲಿ ಬಿಡ್ರಿ ಸರ್ರ. ಒಂದರಾಗರ ಗೆಲ್ಲಲಿ.”

ಪುಸ್ತಕವನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡು, ಇನ್ನೂ ಹದಿನೈದು ದಿನಕ್ಕೆ ತಮ್ಮ ಟಿಕೆಟ್ಟಿನ ಮೇಲೆ ಬರೆದುಕೊಳ್ಳಲು ಹೇಳಿದರು. ನಾನು ತಾರೀಖಿನ ಮುದ್ರೆ ಒತ್ತಿ ಕೊಟ್ಟೆ. ಮೆಟ್ಟಿಲವರೆಗೆ ಹೋದವರು ತಿರುಗಿ ನಿಂತರು.

“ಇವತ್ತು ಚಹಾ ಮಾಡಿ, ಫೋಟೋದ ಮುಂದ ಕುಂತು ಹೇಳ್ತೀನಿ. ಕಂಪೌಂಡರ್‌ನೇ ಇದ್ದ, ಈ ಸಲ ನಾನೇ ಸೋತೆ ಅಂತ.”